ಆಂಟಿ ಮನೆಗೆ ಮಕ್ಕಳು ಬರುವ ದಾರಿ

ಬೆಂಗಳೂರಿನ ವಿಜಯನಗರ, ಬನಶಂಕರಿ, ಜೆ.ಪಿ. ನಗರದ ಅಡ್ಡರಸ್ತೆಗಳಲ್ಲಿ ಸುತ್ತಾಡಿದರೆ ಒಂದಲ್ಲ ಒಂದು ಗೇಟಿಗೆ ಕಟ್ಟಿದ ಫ್ಲೆಕ್ಸ್ ಕಣ್ಣಿಗೆ ಬೀಳುತ್ತದೆ. ಡೇ ಕೇರ್, ಬೇಬಿ ಸಿಟ್ಟಿಂಗ್, ಕೆಳಗೊಂದು ಮೊಬೈಲ್ ನಂಬರು, ಪಕ್ಕದಲ್ಲಿ ಇಂಟರ್ನೆಟ್ಟಿನಿಂದ ಇಳಿಸಿಕೊಂಡ ನೀಲಿ ಕಣ್ಣಿನ ಯಾವುದೋ ದೇಶದ ಕೂಸು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಆ ಕೂಸು ಬಿಸಿಲಿಗೆ ಬಿಳಿಚಿಕೊಂಡಿರುತ್ತದೆ. ಒಳಗೆ ನಾಲ್ಕೋ ಆರೋ ಮಕ್ಕಳಿರುತ್ತಾರೆ. ಇವರಲ್ಲಿ ಎಷ್ಟು ಜನ ಫ್ಲೆಕ್ಸ್ ನೋಡಿ ಬಂದವರು ಎಂದು ಮನೆಯಾಕೆಯನ್ನು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದು ನಗು.

ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಇಳಿದ ಹೆಂಗಸರಿಗೆ ಮೊದಲ ವರ್ಷದ ಚಿಂತೆಯೆಲ್ಲ ಇದೇ. ಮಕ್ಕಳನ್ನು ಸಾಕಿ ಗೊತ್ತಿದೆ, ಅಡುಗೆ ಗೊತ್ತಿದೆ, ಹಾಲ್ ಖಾಲಿ ಬಿದ್ದಿದೆ, ಬರುವವರಿಲ್ಲ. ಬರದಿದ್ದಾಗ ಇನ್ನೊಂದು ಫ್ಲೆಕ್ಸು, ಪೇಪರಿನ ಜೊತೆ ಹಂಚಲು ಸಾವಿರ ಪ್ಯಾಂಪ್ಲೆಟ್ಟು. ಆದರೆ ಆಕೆಗೆ ಸಾವಿರ ಕುಟುಂಬ ಏಕೆ ಬೇಕು? ಇರುವುದೇ ಆರು ಸೀಟು. ಒಂದು ಸೀಟು ತುಂಬಲು ಒಂದೇ ಒಂದು ಮನೆ ಸಾಕು. ಆ ಮನೆ ಅದೇ ತಿಂಗಳಲ್ಲಿ ಹುಡುಕುತ್ತಿರಬೇಕು, ಅವರು ದಿನಾ ಓಡಾಡುವ ರಸ್ತೆಗೆ ಈಕೆಯ ಮನೆ ಹತ್ತಿರವಿರಬೇಕು. ಉಳಿದ ಒಂಬೈನೂರ ತೊಂಬತ್ತೊಂಬತ್ತು ಮನೆಗಳಿಗೆ ಸುದ್ದಿ ಮುಟ್ಟಿದರೂ ಒಂದೇ, ಮುಟ್ಟದಿದ್ದರೂ ಒಂದೇ.

ಆ ಒಂದು ಸೀಟಿನ ಬೆಲೆ ಎಷ್ಟೆಂದು ಉದಾಹರಣೆಗೆ ಲೆಕ್ಕ ಹಾಕೋಣ. ಆರು ಮಕ್ಕಳು, ತಿಂಗಳಿಗೆ ತಲಾ 9,000 ರೂಪಾಯಿ ಎಂದಿಟ್ಟುಕೊಂಡರೆ 54,000. ಸಹಾಯಕ್ಕೆ ಬರುವಾಕೆಗೆ 14,000, ಹಾಲು, ತರಕಾರಿ, ಗ್ಯಾಸು, ಕರೆಂಟಿಗೆ 12,000 ಕಳೆದರೆ ಕೈಗೆ ಉಳಿಯುವುದು 28,000. ಒಂದು ಮಗು ಬಿಟ್ಟುಹೋದರೆ ಸಹಾಯಕಿಯ ಸಂಬಳ ಇಳಿಯುವುದಿಲ್ಲ, ಫ್ಯಾನು ನಿಲ್ಲುವುದಿಲ್ಲ. ಉಳಿತಾಯವೆಂದರೆ ಒಂದು ಲೋಟ ಹಾಲು, ಒಂದು ಹಿಡಿ ಅಕ್ಕಿ. ಹೋದ 9,000ವೂ ಹೆಚ್ಚುಕಡಿಮೆ ಆ 28,000ದಿಂದಲೇ ಹೋಗುತ್ತದೆ. ಅಂದರೆ ಆರರಲ್ಲಿ ಒಂದು ಸೀಟು ಖಾಲಿಯಾದರೆ ಮನೆಯಾಕೆಯ ಸಂಪಾದನೆಯಲ್ಲಿ ಸುಮಾರು ಮೂರನೇ ಒಂದು ಪಾಲು ಖಾಲಿ. ದೊಡ್ಡ ಕಂಪನಿಗಳ ಡೇ ಕೇರ್ ಸರಪಳಿಗೆ ಇದು ತಲೆನೋವಲ್ಲ. ಹಾಲ್‌ನಲ್ಲಿ ಚಾಪೆ ಹಾಸಿ ನಡೆಸುವವರಿಗೆ ಆ ತಿಂಗಳ ಬಾಡಿಗೆಯ ಪ್ರಶ್ನೆ.

ಹುಡುಕುವ ತಿಂಗಳು ಯಾವುದು ಎಂಬುದು ಊಹೆಯ ಮಾತಲ್ಲ. ಅದಕ್ಕೆ ಕಾನೂನಿನ ಲೆಕ್ಕವೇ ಇದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂದು ಮೊದಲೆರಡು ಹೆರಿಗೆಗಳಿಗೆ ಸಂಬಳಸಹಿತ ರಜೆ 12 ವಾರದಿಂದ 26 ವಾರಕ್ಕೆ ಏರಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ. ಈ 26 ವಾರಗಳಲ್ಲಿ ಎಂಟನ್ನು ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ಹಾಗೆ ತೆಗೆದುಕೊಂಡವಳು ಕೆಲಸಕ್ಕೆ ಮರಳುವಾಗ ಕೂಸಿಗೆ ನಾಲ್ಕೂವರೆ ತಿಂಗಳೂ ತುಂಬಿರುವುದಿಲ್ಲ. ನೋವು ಬರುವ ಹಿಂದಿನ ದಿನದವರೆಗೂ ಲ್ಯಾಪ್‌ಟಾಪ್ ಮುಚ್ಚದವಳಿಗೆ ಆರು ತಿಂಗಳು ಸಿಗುತ್ತದೆ. ಇದರ ಪಕ್ಕದಲ್ಲಿ ಸರ್ಕಾರಿ ಲಸಿಕೆ ಪಟ್ಟಿಯನ್ನು ಇಟ್ಟು ನೋಡಿ: ಹುಟ್ಟಿದಾಗ, ಆಮೇಲೆ 6, 10 ಮತ್ತು 14ನೇ ವಾರ, ನಂತರ ಒಂಬತ್ತು ತಿಂಗಳಿಗೆ. 14ನೇ ವಾರದ ಚುಚ್ಚುಮದ್ದಿಗೆಂದು ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತ ತಾಯಿಗೆ ರಜೆ ಉಳಿದಿರುವುದು ನಾಲ್ಕರಿಂದ ಹನ್ನೆರಡು ವಾರ. ‘ಇನ್ನು ಯಾರು ನೋಡ್ಕೊಳ್ತಾರೆ?’ ಎಂಬ ಮಾತು ಅಲ್ಲಿ, ಅದೇ ಬೆಂಚಿನ ಮೇಲೆ ಹುಟ್ಟುತ್ತದೆ. ಮಕ್ಕಳ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಹುಡುಗಿಗೆ ನಮ್ಮ ಮನೆ ಗೊತ್ತಿದ್ದರೆ ಐದು ಫ್ಲೆಕ್ಸ್ ಹಾಕಿಸಿದ್ದಕ್ಕಿಂತ ಮೇಲು ಎನ್ನುವುದು ಇದಕ್ಕೇ.

ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಅಂಗಡಿ, ಪಾರ್ಲರ್, ಸಣ್ಣ ಆಫೀಸುಗಳಿಗೆ ಈ ರಜೆಯ ನಿಯಮ ಸಾಮಾನ್ಯವಾಗಿ ತಟ್ಟುವುದಿಲ್ಲ. ಅಲ್ಲಿನ ತಾಯಂದಿರು ಎರಡು, ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಬಂದು ಬಾಗಿಲು ತಟ್ಟುತ್ತಾರೆ. ಕತ್ತು ನಿಲ್ಲದ ಮಗುವನ್ನು ತೆಗೆದುಕೊಳ್ಳುವುದೋ ಬೇಡವೋ ಎಂಬುದನ್ನು ಅವರು ಬಂದು ನಿಂತ ಹೊತ್ತಿನಲ್ಲಿ ನಿರ್ಧರಿಸಲು ಹೋಗಬಾರದು. ಅದು ಮೊದಲೇ ಆಗಿರಬೇಕಾದ ತೀರ್ಮಾನ. ಕತ್ತು ನಿಲ್ಲದ ಒಂದು ಕೂಸಿದ್ದರೆ ಒಬ್ಬರ ಎರಡೂ ಕೈ ಅದಕ್ಕೇ ಮೀಸಲು.

ನಮ್ಮಲ್ಲಿ ಇನ್ನೊಂದು ತೊಡಕಿದೆ, ಬಾಣಂತನ. ಹುಡುಕಬೇಕಾದವಳು ಆ ಹೊತ್ತಿಗೆ ಬೆಂಗಳೂರಿನಲ್ಲೇ ಇರುವುದಿಲ್ಲ. ದಾವಣಗೆರೆಯಲ್ಲೋ ಶಿರಸಿಯಲ್ಲೋ ತವರುಮನೆಯಲ್ಲಿ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಮಲಗಿರುತ್ತಾಳೆ. ಮೂರನೇ ತಿಂಗಳಿಗೋ ಐದನೇ ತಿಂಗಳಿಗೋ ವಾಪಸ್ಸು ಬರುತ್ತಾಳೆ. ಅಲ್ಲಿಯವರೆಗೆ ಹುಡುಕಾಟವೆಲ್ಲ ಫೋನಿನಲ್ಲಿ. ಗೂಗಲ್ ಮ್ಯಾಪಿಗಿಂತ ಮೊದಲು ಆಕೆ ಕೇಳುವುದು ಎರಡು ವರ್ಷದ ಹಿಂದೆ ಹೆತ್ತ ಸಹೋದ್ಯೋಗಿಯನ್ನು. ಹಾಗಾಗಿ ಈಗ ಮನೆಯಲ್ಲಿರುವ ಎರಡು ವರ್ಷದ ಮಗುವಿನ ತಾಯಿಯೇ ಮುಂದಿನ ಕೂಸಿನ ದಾರಿ. ಆ ತಾಯಿಗೆ ಆಂಟಿ ಕೊಡಬೇಕಾದದ್ದು ರಿಯಾಯಿತಿಯಲ್ಲ, ‘ಸೆಪ್ಟೆಂಬರಿಗೆ ನಮ್ಮಲ್ಲಿ ಒಂದು ಜಾಗ ಖಾಲಿಯಾಗತ್ತಮ್ಮ’ ಎಂಬ ಒಂದು ಮಾತು. ಯಾವ ತಿಂಗಳು ಎಂದು ಹೇಳಿದರೆ ಆಕೆ ನೆನಪಿಟ್ಟುಕೊಳ್ಳುತ್ತಾಳೆ. ‘ಯಾರಾದ್ರೂ ಇದ್ರೆ ಹೇಳಿ’ ಎಂದರೆ ಯಾರೂ ನೆನಪಾಗುವುದಿಲ್ಲ.

ರಜೆ ಮುಗಿಯುವಾಗ ಬರುವವರು ಮೊದಲ ಅಲೆ. ಎರಡನೆಯ ಅಲೆ ಕೂಸಿಗೆ ಎಂಟರಿಂದ ಹತ್ತು ತಿಂಗಳಾದಾಗ ಬರುತ್ತದೆ. ಅಲ್ಲಿಯವರೆಗೆ ಅಮ್ಮನ ಒಂದು ಸರದಿ, ಅತ್ತೆಯ ಒಂದು ಸರದಿ ನಡೆದಿರುತ್ತದೆ. ಆಮೇಲೆ ಅತ್ತೆಗೆ ಮಂಡಿನೋವು, ಅಮ್ಮನಿಗೆ ಊರಿನಲ್ಲಿ ಒಬ್ಬರೇ ಇರುವ ಅಪ್ಪನ ಚಿಂತೆ. ಮಲೆನಾಡಿನವರಾದರೆ ನವೆಂಬರ್ ಹೊತ್ತಿಗೆ ಅಡಿಕೆ ಕೊಯ್ಲು ಶುರುವಾಗಿ ಮನೆಯ ಹಿರಿಯರು ಹೊರಟು ನಿಲ್ಲುತ್ತಾರೆ. ಈ ಅಲೆಯಲ್ಲಿ ಬರುವ ಕುಟುಂಬಗಳೇ ಹೆಚ್ಚು ಕಾಲ ಉಳಿಯುತ್ತವೆ ಎಂಬುದು ನನ್ನ ಅಂದಾಜು. ಬೇರೆ ದಾರಿಯನ್ನೆಲ್ಲ ನೋಡಿ ಆಗಿರುತ್ತದಲ್ಲ. ಪೇಪರಿನೊಳಗೆ ಬಂದ ಪ್ಯಾಂಪ್ಲೆಟ್ಟಿಗೂ ಇಲ್ಲಿ ಸಣ್ಣ ಬೆಲೆ ಉಂಟು. ಅದನ್ನು ಓದುವುದು ಮಗುವಿನ ಅಪ್ಪ ಅಮ್ಮ ಅಲ್ಲ, ಬೆಳಿಗ್ಗೆ ಕಾಫಿಯ ಜೊತೆ ಪೇಪರ್ ಪೂರ್ತಿ ಓದುವ ಅಜ್ಜ. ಊರಿಗೆ ಹೋಗಲು ಮನಸ್ಸಾಗಿದ್ದರೆ ಅವರು ಅದನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ.

ಮೂರನೆಯವರು ತುರ್ತಿನವರು. ಮನೆಯಲ್ಲೇ ಮಗು ನೋಡುತ್ತಿದ್ದಾಕೆ ಹೇಳದೆ ಕೇಳದೆ ಬಿಟ್ಟಿದ್ದಾಳೆ, ನಾಳೆಯಿಂದಲೇ ಬೇಕು. ಕೇಳಿದಷ್ಟು ಕೊಡುತ್ತಾರೆ. ಹೊಸಬಳು ಸಿಕ್ಕ ದಿನ ಅಷ್ಟೇ ಅವಸರದಲ್ಲಿ ಹೊರಡುತ್ತಾರೆ. ಇವರನ್ನು ತೆಗೆದುಕೊಳ್ಳಬಾರದು ಎಂದಲ್ಲ. ಇವರನ್ನು ನಂಬಿ ಕಾಯುತ್ತಿರುವ ಇನ್ನೊಬ್ಬರಿಗೆ ‘ಸೀಟಿಲ್ಲ’ ಎನ್ನಬಾರದು.

ದೊಡ್ಡ ಕಂಪನಿಗಳ ಕಡೆಯಿಂದ ಏನಾದರೂ ಬಂದೀತೇ ಎಂದು ಹಲವರು ಆಸೆ ಇಟ್ಟುಕೊಂಡಿರುತ್ತಾರೆ. 50 ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಬೇಕು, ತಾಯಿಗೆ ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಿಬರಲು ಬಿಡಬೇಕು ಎಂಬ ನಿಯಮ ಬಂದದ್ದೂ ಅದೇ 2017ರ ತಿದ್ದುಪಡಿಯಿಂದ. ಆದರೆ ಒಪ್ಪಂದ, ಬಿಲ್ಲು, ಆಡಿಟ್ಟಿನ ಆ ಲೋಕದಲ್ಲಿ ಆರು ಚಾಪೆಯ ಮನೆಗೆ ಜಾಗ ಸಿಗುವುದು ಕಷ್ಟ. ಆಂಟಿ ಮನೆಯ ನಿಜವಾದ ಕುಟುಂಬಗಳು ಆ 50ರ ಗೆರೆಯ ಕೆಳಗಿನವು: ಪಕ್ಕದ ಶಾಲೆಯ ಟೀಚರು, ಬ್ಯಾಂಕಿನ ಶಾಖೆಯವರು, ಲ್ಯಾಬ್ ಟೆಕ್ನಿಷಿಯನ್, ಆಡಿಟರ ಕಚೇರಿಯ ಅಕೌಂಟೆಂಟು. ನರ್ಸುಗಳ ಶಿಫ್ಟಿಗೆ ಒಗ್ಗಿಕೊಂಡ ಮನೆಗೆ ಒಂದು ಆಸ್ಪತ್ರೆಯ ಒಂದೇ ವಾರ್ಡಿನಿಂದ ಮೂರು ಮಕ್ಕಳು ಬಂದರೂ ಆಶ್ಚರ್ಯವಿಲ್ಲ. ಹಳ್ಳಿಯ ಕಡೆ ಈ ಹುಡುಕಾಟ ಸರ್ಕಾರದ ಕೈಯಲ್ಲಿದೆ. ರಾಜ್ಯ ಸರ್ಕಾರ 2023-24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಿತು. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರು ಯಾರೆಂಬ ಪಟ್ಟಿ ಪಂಚಾಯಿತಿಯಲ್ಲೇ ಇದೆ. ಪಟ್ಟಣದ ಮನೆಯಾಕೆಗೆ ಅಂಥ ಪಟ್ಟಿ ಯಾರೂ ಕೊಡುವುದಿಲ್ಲ, ಆಕೆಯೇ ಬೀದಿ ನೋಡಿ ಬರೆದುಕೊಳ್ಳಬೇಕು.

ಬೀದಿ ನೋಡುವುದೆಂದರೆ ಅಕ್ಷರಶಃ ನೋಡುವುದು. ಬೆಂಗಳೂರಿನಲ್ಲಿ ಎರಡು ಕಿಲೋಮೀಟರ್ ದೂರ ಎಂಬ ಮಾತಿಗೆ ಅರ್ಥವಿಲ್ಲ. ಯಾವ ಬದಿ ಎಂಬುದಕ್ಕೆ ಇದೆ. ರಿಂಗ್ ರೋಡಿನ ಆಚೆ ಬದಿಯ ಮನೆಯವರು ಯೂ ಟರ್ನ್ ಹೊಡೆದು ಬಂದು ಮಗು ಬಿಟ್ಟು ಹೋಗುವುದಿಲ್ಲ, ಒಂದು ವಾರ ಬಂದರೂ ಎರಡನೇ ವಾರ ಬೇಸತ್ತು ಹೋಗುತ್ತಾರೆ. ಮನೆಯಿಂದ ಆಫೀಸಿಗೆ ಹೋಗುವ ದಾರಿಯ ಎಡಬದಿಗೆ ಸಿಗುವ ಮನೆಯೇ ಅವರ ಪಾಲಿಗೆ ಹತ್ತಿರದ್ದು. ಮೆಟ್ರೊ ಬಂದ ಮೇಲೆ ಈ ದಾರಿಗಳೂ ಬದಲಾಗುತ್ತಿವೆ. 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ಪೂರ್ತಿಯಾಯಿತು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಓಡಲು ಶುರುವಾಯಿತು. ಮೊದಲು ಆಫೀಸಿನ ಹತ್ತಿರ ಡೇ ಕೇರ್ ಹುಡುಕುತ್ತಿದ್ದವರಿಗೆ ಈಗ ರಾಗಿಗುಡ್ಡವೋ ಹೊಂಗಸಂದ್ರವೋ, ತಾವು ರೈಲು ಹತ್ತುವ ನಿಲ್ದಾಣಕ್ಕೆ ನಡೆಯುವ ದಾರಿಯ ಮನೆ ಹೆಚ್ಚು ಅನುಕೂಲ. ತುಂಬಿದ ರೈಲಿನಲ್ಲಿ ಒಂದು ವರ್ಷದ ಮಗುವನ್ನು ಎತ್ತಿಕೊಂಡು ಯಾರು ನಿಲ್ಲುತ್ತಾರೆ? ಬೆಳಿಗ್ಗೆ ಎಂಟೂವರೆಗೆ ನಿಲ್ದಾಣದ ಮೆಟ್ಟಿಲ ಬಳಿ ಹತ್ತು ನಿಮಿಷ ನಿಂತು, ಜನ ಯಾವ ಅಡ್ಡರಸ್ತೆಯಿಂದ ನಡೆದು ಬರುತ್ತಾರೆಂದು ನೋಡಿದರೆ ನಮ್ಮ ಗಿರಾಕಿಗಳು ಯಾವ ಬೀದಿಯವರೆಂದು ತಿಳಿಯುತ್ತದೆ. ಮೈಸೂರಿನಲ್ಲಿ ಇಷ್ಟು ಕಸರತ್ತು ಬೇಕಿಲ್ಲ, ಅಲ್ಲಿ ಸ್ಕೂಟರು ಹದಿನೈದು ನಿಮಿಷದಲ್ಲಿ ಬಹಳಷ್ಟು ಊರನ್ನು ಮುಗಿಸುತ್ತದೆ.

ಸುದ್ದಿ ಹೊರುವವರಲ್ಲಿ ಮನೆಗೆಲಸದವರನ್ನೂ ಸೆಕ್ಯುರಿಟಿಯವರನ್ನೂ ಎಲ್ಲರೂ ನೆನೆಯುತ್ತಾರೆ. ಮರೆತುಹೋಗುವ ಇಬ್ಬರಿದ್ದಾರೆ. ಒಬ್ಬ ಬಾಡಿಗೆ ಮನೆ ಬ್ರೋಕರ್. 11 ತಿಂಗಳ ಕರಾರಿನ ಈ ಊರಿನಲ್ಲಿ ತೊಟ್ಟಿಲು ಹೊತ್ತುಕೊಂಡು ಯಾವ ಮನೆಗೆ ಯಾರು ಬಂದರು ಎಂಬುದು ಮೊದಲು ಗೊತ್ತಾಗುವುದು ಅವನಿಗೆ. ಹೊಸ ಏರಿಯಾಕ್ಕೆ ಬಂದವರಿಗೆ ಗ್ಯಾಸ್ ಏಜೆನ್ಸಿ ಎಲ್ಲಿ, ಹಾಲು ಎಲ್ಲಿ ಎಂದು ಹೇಳುವವನೂ ಅವನೇ. ಇನ್ನೊಬ್ಬ ಶಾಲಾ ವ್ಯಾನಿನ ಡ್ರೈವರ್. ಮಧ್ಯಾಹ್ನ ಯಾವ ಮಗುವನ್ನು ಬೀಗ ಹಾಕಿದ ಮನೆಯ ಪಕ್ಕದವರ ಕೈಗೆ ಒಪ್ಪಿಸಿ ಬರುತ್ತಿದ್ದೇನೆ, ಯಾವ ಅಜ್ಜಿಗೆ ಇನ್ನು ಮೆಟ್ಟಿಲು ಇಳಿಯಲು ಆಗುವುದಿಲ್ಲ ಎಂಬುದೆಲ್ಲ ಅವನ ಕಣ್ಣೆದುರಿನ ಸಂಗತಿ. ಇಂಥವರಿಗೆ ತಲೆಗಿಷ್ಟು ಎಂದು ಕಮಿಷನ್ ಕೊಡುವ ರೂಢಿ ಅಲ್ಲಲ್ಲಿ ಇದೆ. ನನಗೆ ಅದು ಸರಿ ಕಾಣುವುದಿಲ್ಲ. ಸುದ್ದಿ ದುಡ್ಡಿಗೆ ಬಂದದ್ದೆಂದು ತಾಯಿಗೆ ಗೊತ್ತಾದ ದಿನ ಹೇಳಿದವನ ಮಾತಿನ ಜೊತೆ ಮನೆಯಾಕೆಯ ಮೇಲಿನ ನಂಬಿಕೆಯೂ ಹೋಗುತ್ತದೆ. ದೀಪಾವಳಿಗೆ ಒಂದು ಡಬ್ಬಿ ಸಿಹಿ ಬೇರೆ ಮಾತು.

ಅಪಾರ್ಟ್‌ಮೆಂಟಿನಲ್ಲಿ ನಡೆಸುವವರು ವಾಟ್ಸಾಪ್ ಗುಂಪಿಗೆ ಸಂದೇಶ ಹಾಕುವ ಮೊದಲು ಅಸೋಸಿಯೇಷನ್ ಒಪ್ಪಿಗೆಯನ್ನು ಬರಹದಲ್ಲಿ ಪಡೆಯುವುದು ಒಳ್ಳೆಯದು. ವಸತಿ ಫ್ಲ್ಯಾಟಿನಲ್ಲಿ ವ್ಯವಹಾರ ನಡೆಯುತ್ತಿದೆ, ಲಿಫ್ಟು ಸವೆಯುತ್ತಿದೆ ಎಂದು ಮೂರನೇ ಮಹಡಿಯವರು ಆಕ್ಷೇಪ ಎತ್ತುವುದು ಮಕ್ಕಳು ಸೇರಿದ ಮೇಲೆಯೇ. ಗೂಗಲ್ ಮ್ಯಾಪಿನಲ್ಲಿ ಮನೆ ಕಾಣಿಸುವಂತೆ ಮಾಡುವುದಕ್ಕೆ ಖರ್ಚಿಲ್ಲ, ಮಾಡಬೇಕು. ಅಲ್ಲಿ ಹಾಕುವ ಫೋಟೊ ನೀಲಿ ಕಣ್ಣಿನ ಕೂಸಿನದಲ್ಲ, ಮೆಟ್ಟಿಲಿಗೆ ಹಾಕಿಸಿದ ಗ್ರಿಲ್, ಮಕ್ಕಳು ಮಲಗುವ ಕೋಣೆ, ಮುಚ್ಚಿದ ಸಂಪಿನ ಮೇಲಿನ ಬೀಗ. ಬಂಧುಬಳಗವೆಲ್ಲ ಸೇರಿ ಒಂದೇ ದಿನ ಬರೆದ ಐದು ನಕ್ಷತ್ರದ ಹೊಗಳಿಕೆ ಯಾರನ್ನೂ ಮೋಸಗೊಳಿಸುವುದಿಲ್ಲ.

ಇನ್ನು ಮಕ್ಕಳ ಫೋಟೊ. ಊಟ ಮಾಡುವ, ಬಣ್ಣ ಬಳಿದುಕೊಂಡ ಮುಖಗಳನ್ನು ದಿನಾ ಸ್ಟೇಟಸ್ಸಿಗೆ ಹಾಕಿದರೆ ವಿಚಾರಿಸುವವರು ಹೆಚ್ಚುತ್ತಾರೆ ಎಂದು ಸಲಹೆ ಕೊಡುವವರು ಬಹಳ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಕಾಯ್ದೆಯ ಮಾತು ಹಾಗಿರಲಿ, ನಿಮ್ಮ ಮಗುವಿನ ಫೋಟೊವನ್ನು ಊರಿಗೆಲ್ಲ ತೋರಿಸಿ ಹೊಸ ಮಗುವನ್ನು ಕರೆಯುತ್ತಿದ್ದೇನೆ ಎಂಬುದನ್ನು ಯಾವ ತಾಯಿಯ ಮುಖ ನೋಡಿ ಹೇಳಲು ಸಾಧ್ಯ? ಅವರವರ ಮಗುವಿನ ಫೋಟೊ ಅವರವರಿಗೆ ಮಾತ್ರ ಹೋದರೆ ಸಾಕು. ತಾಯಿಗೆ ಅದನ್ನು ಆಫೀಸಿನಲ್ಲಿ ಪಕ್ಕದವಳಿಗೆ ತೋರಿಸದೆ ಇರಲು ಆಗುವುದಿಲ್ಲ. ಬೇಕಾದ ಪ್ರಚಾರ ಅಲ್ಲಿ ತಾನಾಗಿ ಆಗುತ್ತದೆ.

ಫೋನು ಬಂತು, ಮನೆ ನೋಡಲು ಬರುತ್ತಾರೆ. ಭಾನುವಾರ ಬನ್ನಿ ಎನ್ನುವುದು ವಾಡಿಕೆ. ಮನೆ ಒರೆಸಿ, ಅಗರಬತ್ತಿ ಹಚ್ಚಿ, ಆಟಿಕೆ ಜೋಡಿಸಿ ಇಟ್ಟಿರುತ್ತಾರೆ. ಬಂದವರಿಗೆ ಅಲ್ಲಿ ಕಾಣುವುದು ಒಂದು ಮನೆ, ಅಷ್ಟೇ. ಕೆಲಸದ ದಿನ, ಮಕ್ಕಳು ಊಟಕ್ಕೆ ಕೂತ ಹನ್ನೊಂದೂವರೆಗೆ ಕರೆಯಬೇಕು. ಒಬ್ಬ ಅನ್ನ ಚೆಲ್ಲುತ್ತಿರುತ್ತಾನೆ, ಒಬ್ಬಳು ಅಳುತ್ತಿರುತ್ತಾಳೆ. ಮೂಗು ಒರೆಸಿದ ಕೈಯನ್ನು ತೊಳೆದು ಇನ್ನೊಂದು ಮಗುವಿಗೆ ತಿನ್ನಿಸುವುದನ್ನು ಅವರು ಕಣ್ಣಾರೆ ನೋಡುತ್ತಾರೆ. ಆಗ ತಾಯಿ ಕೇಳುವ ಪ್ರಶ್ನೆ ಬಹುತೇಕ ಒಂದೇ: ‘ತುಂಬಾ ಅತ್ತರೆ ಏನ್ಮಾಡ್ತೀರ ಆಂಟಿ?’ ‘ನಮ್ಮಲ್ಲಿ ಮಕ್ಕಳು ಅಳೋದೇ ಇಲ್ಲಮ್ಮ’ ಎಂದರೆ ಆಕೆ ಮತ್ತೆ ಬರುವುದಿಲ್ಲ. ‘ಮೊದಲ ವಾರ ಅಳತ್ತೆ ಕಣಮ್ಮ. ಎತ್ಕೊಂಡು ಓಡಾಡ್ತೀನಿ. ಅರ್ಧ ಗಂಟೆ ಆದ್ರೂ ನಿಲ್ಲಿಸ್ಲಿಲ್ಲ ಅಂದ್ರೆ ನಿಂಗೇ ಫೋನ್ ಮಾಡ್ತೀನಿ’ ಎಂದರೆ ಬಂದಾಳು.

ಕೇಳಲು ಸಂಕೋಚಪಟ್ಟು ಮನಸ್ಸಿನಲ್ಲೇ ಇಟ್ಟುಕೊಂಡು ಹೋಗುವ ಪ್ರಶ್ನೆಗಳೇ ಹೆಚ್ಚು ಸೀಟು ಕಳೆಯುತ್ತವೆ. ಹಗಲಿನಲ್ಲಿ ಮನೆಯಲ್ಲಿ ಇನ್ಯಾರು ಇರುತ್ತಾರೆ? ನಿವೃತ್ತರಾದ ಯಜಮಾನರೇ, ಕಾಲೇಜಿಗೆ ಹೋಗುವ ಮಗನೇ, ಬಂದುಹೋಗುವ ಮೈದುನನೇ? ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ ಬಂದದ್ದು 2012ರಲ್ಲಿ. ಅಂಥ ಪ್ರಕರಣಗಳ ಸುದ್ದಿಯನ್ನು ಪೇಪರಿನಲ್ಲಿ ಓದದ ಹೆತ್ತವರಿಲ್ಲ. ಅವರು ಕೇಳುವವರೆಗೆ ಕಾಯದೆ ನಾವೇ ಹೇಳಿಬಿಡುವುದು ಲೇಸು: ಮನೆಯಲ್ಲಿ ಯಾರ‍್ಯಾರು ಇದ್ದಾರೆ, ಮಕ್ಕಳನ್ನು ಬಚ್ಚಲಿಗೆ ಕರೆದೊಯ್ಯುವುದು ಯಾರು, ನಾನು ಪೇಟೆಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ. ಸಹಾಯಕಿಯ ಪೊಲೀಸ್ ಪರಿಶೀಲನೆಗೆ ಸೇವಾ ಸಿಂಧು ಪೋರ್ಟಲಿನಲ್ಲಿ ಅರ್ಜಿ ಹಾಕಬಹುದು, ಆ ಕಾಗದ ಕೈಯಲ್ಲಿದ್ದರೆ ಮಾತು ಬೇಗ ಮುಗಿಯುತ್ತದೆ. ಎಷ್ಟು ಮಕ್ಕಳಿಗೆ ಎಷ್ಟು ಜನ ಎಂದೂ ಕೇಳುತ್ತಾರೆ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಖಾಸಗಿ ಪ್ಲೇ ಸ್ಕೂಲುಗಳಿಗೆ ಮಾಡಿದ ಮಾರ್ಗಸೂಚಿಯಲ್ಲಿ 20 ಮಕ್ಕಳಿಗೆ ಒಬ್ಬ ಶಿಕ್ಷಕಿ, ಒಬ್ಬ ಆಯಾ ಎಂದಿದೆ, ಆದರೆ ಅದು ಮೂರರಿಂದ ಆರು ವರ್ಷದವರ ಮಾತು. ಡಯಾಪರ್ ವಯಸ್ಸಿನವರಿಗೆ ಆ ಲೆಕ್ಕ ಹಿಡಿದರೆ ಮನೆ ನಡೆಯುವುದಿಲ್ಲ.

ಹೆತ್ತವರು ಇನ್ನೊಂದು ಪರೀಕ್ಷೆಯನ್ನೂ ಮಾಡುತ್ತಾರೆ, ಅದು ಅಷ್ಟು ಹಿತವಾದದ್ದಲ್ಲ. ‘ಪ್ಯೂರ್ ವೆಜ್ಜಾ?’ ಎಂದು ಶುರುವಾಗಿ ‘ನೀವು ಯಾವ ಕಡೆಯವರು?’ ಎಂದು ಸುತ್ತಿಕೊಂಡು ಬರುತ್ತದೆ. ಕೇಳುತ್ತಿರುವುದು ಊರನ್ನಲ್ಲ, ಜಾತಿಯನ್ನು. ಆಹಾರದ ಬಗ್ಗೆ ಕೇಳುವುದು ತಪ್ಪಲ್ಲ. ಇಲ್ಲಿ ಮೊಟ್ಟೆ ಬೇಯಿಸುತ್ತೇವೆ ಅಥವಾ ಬೇಯಿಸುವುದಿಲ್ಲ ಎಂದು ಒಂದೇ ಮಾತಿನಲ್ಲಿ ಹೇಳಬಹುದು. ಎರಡನೆಯದಕ್ಕೆ ಉತ್ತರ ಕೊಡುವ ಹಂಗು ಯಾರಿಗೂ ಇಲ್ಲ. ಜಾತಿ ನೋಡಿ ಬಂದ ಕುಟುಂಬ ಉಳಿದ ಮಕ್ಕಳ ಜಾತಿಯನ್ನೂ ಕೇಳದೆ ಬಿಡುವುದಿಲ್ಲ. ಒಡಿಶಾದಿಂದಲೋ ಉತ್ತರ ಪ್ರದೇಶದಿಂದಲೋ ಬಂದ ಹೆತ್ತವರಿಗೆ ಚಿಂತೆ ಭಾಷೆಯದು: ಮಗುವಿಗೆ ಮನೆಮಾತು ಬಿಟ್ಟು ಬೇರೆ ಬರುವುದಿಲ್ಲ, ಆಂಟಿಗೆ ಆ ಮಾತು ಬರುವುದಿಲ್ಲ. ಅವರ ಹತ್ತು ಪದ ನಾವು ಕಲಿತರೆ ಸಾಕು. ಆ ಮಗು ಮೂರು ತಿಂಗಳಲ್ಲಿ ‘ಇನ್ನೊಂಚೂರು ಸಾರು’ ಎಂದು ಕೇಳುತ್ತದೆ. ಅದನ್ನು ಕೇಳಿ ಹಿಗ್ಗಿದ ಅಪ್ಪ ಅದೇ ಫ್ಲೋರಿನ ಇನ್ನೆರಡು ಮನೆಗೆ ಸುದ್ದಿ ಮುಟ್ಟಿಸುತ್ತಾನೆ.

ಮೊದಲ ಮಗುವಿನ ಸಮಸ್ಯೆಗೆ ಮಾತ್ರ ಮೇಲಿನ ಯಾವುದೂ ಪೂರ್ತಿ ಔಷಧವಲ್ಲ. ಖಾಲಿ ಹಾಲ್ ನೋಡಿದವರು ‘ಯೋಚನೆ ಮಾಡಿ ಹೇಳ್ತೀವಿ’ ಎಂದು ಹೊರಡುತ್ತಾರೆ. ‘ಎಷ್ಟು ಮಕ್ಕಳಿದ್ದಾರೆ?’ ಎಂದು ಕೇಳಿದಾಗ ನಾಲ್ಕು ಎಂದು ಸುಳ್ಳು ಹೇಳಿದರೆ ಮೊದಲ ದಿನವೇ ಸಿಕ್ಕಿಬೀಳುತ್ತದೆ. ಇಡೀ ದಿನದ ಕೂಸಿಗಾಗಿ ಕಾಯುವ ಬದಲು ಶಾಲೆ ಬಿಟ್ಟ ಮೇಲೆ ಒಂದರಿಂದ ಆರರವರೆಗೆ ಬರುವ ಎಲ್‌ಕೆಜಿ, ಒಂದನೇ ಕ್ಲಾಸಿನ ಮಕ್ಕಳಿಂದ ಶುರುಮಾಡುವುದು ಸುಲಭ. ಫೀಸು ಕಡಿಮೆ, ಆದರೆ ಹೆತ್ತವರ ಅಂಜಿಕೆಯೂ ಕಡಿಮೆ. ಏನಾಯಿತೆಂದು ಬಾಯಿಬಿಟ್ಟು ಹೇಳುವ ವಯಸ್ಸಿನ ಮಗುವನ್ನು ಬಿಡಲು ಅಷ್ಟು ಭಯವಿರುವುದಿಲ್ಲ. ಏಪ್ರಿಲ್, ಮೇ ರಜೆಯಲ್ಲಿ ಅರ್ಧ ದಿನ ಮಕ್ಕಳನ್ನು ಸೇರಿಸಿಕೊಂಡರೂ ಮನೆಯಲ್ಲಿ ಸದ್ದು ಹುಟ್ಟುತ್ತದೆ. ಆ ಸದ್ದಿರುವ ಮನೆಗೆ ಕೂಸು ಬರುತ್ತದೆ.

ಖಾಲಿಯಾಗುವ ಸೀಟನ್ನು ಮೊದಲೇ ಕಾಣುವುದು ಅನುಭವಿಗಳ ಗುಟ್ಟು. ಮೂರು, ಮೂರೂವರೆ ತುಂಬಿದವರು ಜೂನಿಗೆ ಶಾಲೆಗೆ ಹೋಗುತ್ತಾರೆ. ಖಾಸಗಿ ಶಾಲೆಗಳ ಅಡ್ಮಿಷನ್ನು ಹಿಂದಿನ ವರ್ಷದ ಕೊನೆಯಲ್ಲೇ ನಡೆದಿರುವುದರಿಂದ ಯಾರು ಹೋಗುತ್ತಾರೆಂಬುದು ಜನವರಿಗೆ ಗೊತ್ತು. ಜೂನಿಗೆ ಕೂಸು ಬೇಕೆಂದರೆ ಆ ಕೂಸು ಹೆಚ್ಚುಕಡಿಮೆ ಡಿಸೆಂಬರ್, ಜನವರಿಯಲ್ಲಿ ಹುಟ್ಟಿರಬೇಕು. ಅಂದರೆ ಮನೆಯಾಕೆ ಸಂಕ್ರಾಂತಿಯ ಎಳ್ಳು ಬೀರಲು ಹೋದಲ್ಲಿ ಯಾರ ಮಗಳು ಬಾಣಂತಿ ಎಂದು ವಿಚಾರಿಸಿದರೆ ಅದು ಬರೀ ಕುಶಲವಲ್ಲ, ವ್ಯವಹಾರವೂ ಹೌದು. ಬಿಡುವವರು ಒಂದು ತಿಂಗಳು ಮೊದಲು ಹೇಳಬೇಕು, ಇಲ್ಲದಿದ್ದರೆ ಅಡ್ವಾನ್ಸ್ ಆ ತಿಂಗಳಿಗೆ ಜಮೆ ಎಂದು ಸೇರುವ ದಿನವೇ ಬರೆದು ಕೊಟ್ಟರೆ ಜಗಳವಿರುವುದಿಲ್ಲ.

ಕೆಲವರನ್ನು ಬೇಡವೆನ್ನುವುದೂ ಇದರಲ್ಲಿ ಸೇರಿದೆ. ಏಳು ಗಂಟೆಗೆ ಬರುತ್ತೇನೆಂದು ಒಂಬತ್ತಕ್ಕೆ ಬರುವವರು ಮೊದಲ ತಿಂಗಳಲ್ಲೇ ಗೊತ್ತಾಗುತ್ತಾರೆ. ಜ್ವರ ಇಳಿಸುವ ಔಷಧಿ ಕುಡಿಸಿ ಬೆಳಿಗ್ಗೆ ಬಿಟ್ಟುಹೋಗುವವರಿಂದ ಉಳಿದ ಐದು ಮಕ್ಕಳಿಗೂ ಜ್ವರ, ಐದು ಮನೆಗೂ ರಜೆ. ಅಂಥ ಒಂದು ಕುಟುಂಬವನ್ನು ಉಳಿಸಿಕೊಳ್ಳಲು ಹೋಗಿ ಎರಡು ಒಳ್ಳೆಯ ಕುಟುಂಬ ಕಳೆದುಕೊಂಡವರಿದ್ದಾರೆ. ಸೀಟಿಲ್ಲದಾಗ ಬಂದವರನ್ನು ಬರಿಗೈಲಿ ಕಳಿಸದೆ ಎರಡು ರಸ್ತೆ ಆಚೆಗಿನ ಇನ್ನೊಬ್ಬ ಆಂಟಿಯ ನಂಬರು ಕೊಡುವ ಪದ್ಧತಿ ಕೆಲವು ಬಡಾವಣೆಗಳಲ್ಲಿ ಬೆಳೆದಿದೆ. ಆಕೆಗೆ ಹುಷಾರಿಲ್ಲದ ದಿನ ಅವಳ ಮಕ್ಕಳು ಇಲ್ಲಿ, ಈಕೆ ತಂಗಿಯ ಮದುವೆಗೆ ಹೋದಾಗ ಇಲ್ಲಿನವರು ಅಲ್ಲಿ. ಹೆತ್ತವರಿಗೆ ಇದನ್ನು ಸೇರುವಾಗಲೇ ಹೇಳಿ, ಆ ಮನೆಯನ್ನೂ ಒಮ್ಮೆ ತೋರಿಸಿದರೆ, ‘ನಿಮಗೆ ರಜೆ ಬೇಕಾದಾಗ ನಾವೇನು ಮಾಡೋದು ಆಂಟಿ?’ ಎಂಬ ಪ್ರಶ್ನೆಗೂ ಅಲ್ಲೇ ಉತ್ತರ ಸಿಗುತ್ತದೆ.